ಕಾಲವನ್ನು ಹಿಗ್ಗಿಸುವ ಕಮ್ಮಟ

ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದಲ್ಲಿರುವ ವೇಟಾ ವರ್ಕ್‌ಷಾಪಿನಲ್ಲಿ ಸಂದರ್ಶಕರು ಚಲನಚಿತ್ರಗಳಿಗಾಗಿ ಮಾಡಿದ ಕೆಲವು ಆಯುಧ, ಕವಚಗಳನ್ನು ಮುಟ್ಟಿ ನೋಡಬಹುದು. 2001ರಿಂದ 2003ರವರೆಗೆ ತೆರೆಕಂಡ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರತ್ರಯದ ಸರಪಳಿಯಂಗಿಗಳು ಬಹುಪಾಲು ಉಕ್ಕಿನವಲ್ಲ. ಪ್ಲಾಸ್ಟಿಕ್ ಕೊಳವೆಯನ್ನು ಬಳೆಬಳೆಯಾಗಿ ಕತ್ತರಿಸಿ ಕೈಯಿಂದ ಕೋದಂಥವು!

ಭೌತಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ರುಚಿಸುವುದು ಆ ಚಿತ್ರಗಳಿಗಾಗಿ ಕಟ್ಟಿದ ಕೋಟೆಗಳ ಮಾದರಿ. ಮಿನಾಸ್ ತಿರಿತ್ ನಗರವನ್ನು ಅದರ ಕಲ್ಪಿತ ಗಾತ್ರದ 1/72ರಷ್ಟಕ್ಕೆ ಇಳಿಸಿದ್ದರು. ಗಾತ್ರವನ್ನೇನೋ ಇಳಿಸಬಹುದು, ಗುರುತ್ವವನ್ನು ಇಳಿಸುವುದೆಂತು? 16 ಮೀಟರು ಎತ್ತರದಿಂದ ಕಲ್ಲು ನೆಲ ಮುಟ್ಟಲು ಸುಮಾರು 1.8 ಸೆಕೆಂಡು ಬೇಕು. 1 ಮೀಟರಿನ ಮಾದರಿಯಿಂದ 0.45 ಸೆಕೆಂಡೇ ಸಾಕು. ಆದುದರಿಂದ ಸೆಕೆಂಡಿಗೆ 24ರ ಬದಲು 96 ಚಿತ್ರಗಳನ್ನು ತೆಗೆದು ಎಂದಿನ ವೇಗದಲ್ಲಿ ತೋರಿಸಿದರೆ, ಹರಳಿಗೂ ಬಂಡೆಯ ಗಾಂಭೀರ್ಯ ಬರುತ್ತದೆ.

ನೀರು ಮಾತ್ರ ಈ ಉಪಾಯಕ್ಕೆ ಬಗ್ಗದು. ಮೇಲ್ಮೈ ಸೆಳೆತವು ಹನಿಗಳನ್ನು ಅಳತೆಗೆ ತಕ್ಕಂತೆ ಕಿರಿದಾಗಲು ಬಿಡದು. 16ರಲ್ಲೊಂದು ಪಾಲಿನ ಮಾದರಿಯಲ್ಲಿ 3 ಮಿಲಿಮೀಟರಿನ ಹನಿ ನಿಂಬೆಹಣ್ಣಿನಷ್ಟು ದಪ್ಪಗೆ ಕಂಡು, ಗುಟ್ಟು ರಟ್ಟಾಗುತ್ತದೆ.