ಅಚ್ಚಾದ ಕರ್ನೆಲ್‌ನಿಂದ ಲ್ಯಾಪ್‌ಟಾಪ್‌ವರೆಗೆ

ಪ್ರಶ್ನೆ: ಪದವಿ ತರಗತಿಗಳಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಮೊದಲಿನಿಂದಲೂ ಹೀಗೇ ಇತ್ತೇ?

ಉತ್ತರ: ಇಲ್ಲ, ಅದು ಹಲವು ಸಲ ಮಗ್ಗುಲು ಬದಲಿಸಿದೆ. ನನಗೆ ಬಲು ಇಷ್ಟವಾದದ್ದು ಸಿಡ್ನಿಯ ಕಥೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1976ರ ಸುಮಾರಿಗೆ ಯುನಿಕ್ಸ್ ಆರನೇ ಆವೃತ್ತಿಯ ಕರ್ನೆಲ್‌ನ (ಅಂದರೆ ಅದರ ತಿರುಳಿನ) ಸುಮಾರು 9,000 ಸಾಲುಗಳ ಸೋರ್ಸ್ ಕೋಡನ್ನು ಅಚ್ಚು ಮಾಡಿಸಿ ವಿದ್ಯಾರ್ಥಿಗಳ ಕೈಗಿತ್ತರು. ಜೊತೆಗೆ ವ್ಯಾಖ್ಯಾನವನ್ನೂ ಬರೆದರು. ಹಳಗನ್ನಡ ಕಾವ್ಯವನ್ನು ಟೀಕೆಯೊಡನೆ ಓದುತ್ತೇವಲ್ಲ, ಹಾಗೆಯೇ ಸಾಲು ಸಾಲಾಗಿ ಓದು. ನಿಜವಾಗಿ ಕೆಲಸ ಮಾಡುವ ವ್ಯವಸ್ಥೆಯೊಂದನ್ನು ಒಬ್ಬ ವಿದ್ಯಾರ್ಥಿ ಇಡಿಯಾಗಿ ಅರಗಿಸಿಕೊಳ್ಳಬಲ್ಲ ಎಂಬ ಅವರ ನಂಬಿಕೆ ದೊಡ್ಡದು.

ಆದರೆ 1979ರ ಏಳನೇ ಆವೃತ್ತಿಯ ಪರವಾನಗಿ, ತರಗತಿಯಲ್ಲಿ ಸೋರ್ಸ್ ಕೋಡ್ ಪಾಠ ಮಾಡುವುದನ್ನೇ ತಡೆಯಿತು. ಲಯನ್ಸ್ ಪುಸ್ತಕ ಜೆರಾಕ್ಸ್ ಪ್ರತಿಗಳಾಗಿ ಕೈಯಿಂದ ಕೈಗೆ ದಾಟಿತು. ಬಹಿರಂಗವಾಗಿ ಪ್ರಕಟವಾದದ್ದು 1996ರಲ್ಲಿ. ಎಷ್ಟೋ ಕಡೆ ಪಾಠವು ಶೆಡ್ಯೂಲಿಂಗ್, ಡೆಡ್‌ಲಾಕ್, ಪೇಜಿಂಗ್ ಎಂಬ ಸಿದ್ಧಾಂತಕ್ಕೆ ಸೀಮಿತವಾಯಿತು. ಇದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಆ ಕೊರತೆ ನೀಗಲೆಂದೇ ಆಮ್‌ಸ್ಟರ್‌ಡ್ಯಾಮಿನ ಆಂಡ್ರ್ಯೂ ಟ್ಯಾನೆನ್‌ಬಾಮ್ 1987ರಲ್ಲಿ ಮಿನಿಕ್ಸ್ ಎಂಬ ಪಾಠದ ಆಪರೇಟಿಂಗ್ ಸಿಸ್ಟಂ ಕೊಟ್ಟರು. ಅದನ್ನು ಬಳಸಿ ಕಲಿತ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರತಂದರು.

2006ರಲ್ಲಿ ಎಂಐಟಿಯವರು ಅದೇ ಆರನೇ ಆವೃತ್ತಿಯನ್ನು ಮಾದರಿಯಾಗಿಟ್ಟುಕೊಂಡು ಎಕ್ಸ್‌ವಿ6 ಎಂಬ ಪಾಠದ ಆಪರೇಟಿಂಗ್ ಸಿಸ್ಟಂ ಬರೆದರು. ಇಂದು ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪ್‌ನಲ್ಲೇ, ಎಮ್ಯುಲೇಟರ್ ಒಳಗೆ, ಅದರ ಕರ್ನೆಲ್ ತಿದ್ದಿ, ಕೆಡಿಸಿ, ಮತ್ತೆ ಏಳಿಸುತ್ತಾನೆ.