ಬೂಸ್ಟ್ ಏರಿಸುವ ಮುನ್ನ ಪೆಟ್ರೋಲಿನ ಲೆಕ್ಕ

ಮಂಗಳೂರಿನಲ್ಲಿ ಸುಮಾರು 1 ಬಾರ್ ಇರುವ ಗಾಳಿಯ ಒತ್ತಡ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವ ಹೊತ್ತಿಗೆ 0.9ರ ಆಸುಪಾಸಿಗೆ ಇಳಿದಿರುತ್ತದೆ. ಸಾಧಾರಣ ಪೆಟ್ರೋಲ್ ಎಂಜಿನ್ನಿನ ಕಸುವೂ ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಟರ್ಬೊ ಇರುವ ಪುಟ್ಟ ಕಾರಿಗೆ ಆ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಹೊರಹೋಗುವ ಹೊಗೆಯ ರಭಸಕ್ಕೆ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುವ ಚಕ್ರ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. 2019ರಲ್ಲಿ ಬಂದ ಹ್ಯುಂಡೈ ವೆನ್ಯೂ ಕಾರಿನ 1.2 ಲೀಟರ್ ಎಂಜಿನ್ನಿನ ಟಾರ್ಕ್ ಸುಮಾರು 115 ನ್ಯೂಟನ್ ಮೀಟರ್. ಅದೇ ಕಾರಿನ 1 ಲೀಟರ್ ಟರ್ಬೊ 172 ಕೊಡುತ್ತಿತ್ತು.

ಇಲ್ಲಿಯವರೆಗಿನದು ಎಲ್ಲರೂ ಆಡುವ ಮಾತು. ಆದರೆ ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಬೇಕಲ್ಲ, ಅದರ ಮಾತು ಅಪರೂಪ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಟರ್ಬೊ ಹೆಚ್ಚಿಸುವ ಒತ್ತಡ, 1 ಬಾರ್ ಆಯಿತೆಂದರೆ ಗಾಳಿ ಹೆಚ್ಚುಕಡಿಮೆ ಇಮ್ಮಡಿ, ಪೆಟ್ರೋಲೂ ಇಮ್ಮಡಿ.

ಮ್ಯಾನಿಫೋಲ್ಡಿಗೆ ಪೆಟ್ರೋಲ್ ಸಿಂಪಡಿಸುವ ಎಂಜಿನ್ನಿನಲ್ಲಿ ಇದು ನಿಜಕ್ಕೂ ಪೇಚಿನ ಕೆಲಸ. ಇಂಜೆಕ್ಟರಿನ ಹಿಂದೆ 3 ಬಾರ್ ಒತ್ತಡವಿದೆ ಎನ್ನೋಣ. ಎದುರಿನಿಂದ 1 ಬಾರ್ ಬೂಸ್ಟ್ ಒತ್ತಿದರೆ ಉಳಿಯುವುದು 2 ಮಾತ್ರ. ಹರಿವು ಈ ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ, ಹೆಚ್ಚು ಬೇಕಾದ ಹೊತ್ತಿನಲ್ಲೇ ಪೆಟ್ರೋಲ್ ಶೇ 18ರಷ್ಟು ಕಡಿಮೆ ಬೀಳುತ್ತದೆ! ಅದಕ್ಕೇ ಹಲವು ಎಂಜಿನ್‌ಗಳ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಸಣ್ಣ ರಬ್ಬರ್ ಪೈಪ್ ಬಂದಿರುತ್ತದೆ. ಬೂಸ್ಟ್ ಏರಿದಷ್ಟೇ ಇಂಧನದ ಒತ್ತಡವನ್ನೂ ಅದು ಏರಿಸುತ್ತದೆ. ಆ ಪೈಪ್ ಬಿರಿದರೂ ಎಂಜಿನ್ನಿಗೆ ಆಪತ್ತೇ.

ಹಾಗಾದರೆ ಒತ್ತಡವನ್ನೇ ಇನ್ನಷ್ಟು ಏರಿಸಿದರಾಯಿತು ಎನ್ನುವಂತಿಲ್ಲ. ಎರಡರಷ್ಟು ಪೆಟ್ರೋಲಿಗೆ ನಾಲ್ಕರಷ್ಟು ಒತ್ತಡ ಬೇಕು. ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡೋಣವೆಂದರೆ, 6000 ಆರ್‌ಪಿಎಂನಲ್ಲಿ ಒಂದು ಆವರ್ತಕ್ಕೆ ಸಿಗುವುದೇ 20 ಮಿಲಿಸೆಕೆಂಡ್. ಸಿಲಿಂಡರಿನೊಳಕ್ಕೇ ನೇರವಾಗಿ ಸಿಂಪಡಿಸುವ ಎಂಜಿನ್‌ಗಳಲ್ಲಿ 200ರಿಂದ 350 ಬಾರ್ ಒತ್ತಡ ಇರುವುದರಿಂದ ಬೂಸ್ಟಿನ ಎದುರೊತ್ತಡ ಲೆಕ್ಕಕ್ಕಿಲ್ಲ. ಆದರೆ ಅಲ್ಲಿ ಸಿಂಪಡಿಸಲು ಸಿಗುವ ವೇಳೆ ಇನ್ನೂ ಕಡಿಮೆ.

ಪೆಟ್ರೋಲ್ ಸಾಲದಿದ್ದರೆ ಕಾರು ನಿಧಾನವಾಗುತ್ತದೆ, ಅಷ್ಟೇ ಎಂದುಕೊಳ್ಳಬೇಡಿ. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಅನೇಕ ಟರ್ಬೊ ಎಂಜಿನ್‌ಗಳು 12.5ಕ್ಕೆ ಒಂದರಂತೆ ಬೇಕೆಂದೇ ಹೆಚ್ಚು ಪೆಟ್ರೋಲ್ ಕುಡಿಯುತ್ತವೆ. ಆ ಹೆಚ್ಚುವರಿ ಪಾಲು ಆವಿಯಾಗುತ್ತಾ ಒಳಗಿನ ಬಿಸಿ ತಗ್ಗಿಸುತ್ತದೆ. ಅದು ತಪ್ಪಿದರೆ ಇಂಧನ ತಾನಾಗಿಯೇ ಸಿಡಿದು ಹೊತ್ತಿಕೊಳ್ಳುವ ನಾಕಿಂಗ್ ಶುರುವಾಗಿ ಪಿಸ್ಟನ್ನಿನ ತಲೆ ಕರಗಬಹುದು.

ಲ್ಯಾಪ್‌ಟಾಪ್ ಚುಚ್ಚಿ ಬೂಸ್ಟ್ ಏರಿಸುವ ರೀಮ್ಯಾಪ್ ಬಗ್ಗೆ ನನಗೆ ಆತಂಕವಿರುವುದು ಇದಕ್ಕೇ. ಎಷ್ಟು ಎಚ್‌ಪಿ ಸಿಗುತ್ತದೆ ಎಂದು ಕೇಳುವ ಹುಡುಗರು, ಇಂಜೆಕ್ಟರಿನಲ್ಲಿ ಇನ್ನೆಷ್ಟು ಮಿಗತೆ ಇದೆ ಎಂದೂ ಕೇಳಬೇಕು. ಮೇಲಾಗಿ, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ 20ರಷ್ಟು ಎಥನಾಲ್ ಬೆರೆತ ಇ20 ಇಂಧನ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಏಳೆಂಟು ಪಾಲು ಹೆಚ್ಚು ಬೇಕಾಗುತ್ತದೆ. ಎಥನಾಲ್ ನಾಕಿಂಗ್ ತಡೆಯುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಆ ಗುಣವನ್ನು ನಂಬಿ ಬೂಸ್ಟ್ ಏರಿಸಿದರೆ ಪಂಪಿಗೂ ಇಂಜೆಕ್ಟರಿಗೂ ಎರಡು ಕಡೆಯಿಂದ ಹೊರೆ. ಡೈನೊ ಮೇಲೆ ಕಾರು ಓಡಿಸಿದಾಗ ಎಚ್‌ಪಿ ಗೆರೆಯ ಜತೆ ಗಾಳಿ-ಇಂಧನದ ಗೆರೆಯನ್ನೂ ಕೇಳಿ ಪಡೆಯಿರಿ. 5000 ಆರ್‌ಪಿಎಂ ದಾಟಿದ ಮೇಲೆ ಅದು 13, 14ರತ್ತ ಏರುತ್ತಿದ್ದರೆ ಆ ಮ್ಯಾಪನ್ನು ಅಲ್ಲೇ ತೆಗೆಸಿಬಿಡಿ.