ಗಡಿನಾಡಿನ ಗಾಜನೂರು: ನೆಲದ ಇಳಿಜಾರು ಮತ್ತು ಜನರ ಲೆಕ್ಕ

ತಮಿಳುನಾಡಿನ ಈರೋಡ್ ಜಿಲ್ಲೆ ತಾಳವಾಡಿ ತಾಲ್ಲೂಕಿನಲ್ಲಿರುವ ದೊಡ್ಡಗಾಜನೂರು ಒಂದು ಸಣ್ಣ ರೈತರ ಹಳ್ಳಿ. ಹೊರಗಿನವರಿಗೆ ಈ ಊರು ಗೊತ್ತಿರುವುದು ವರನಟ ಡಾ. ರಾಜ್‌ಕುಮಾರ್ ಅವರಿಂದ. ಅವರು 1929ರ ಏಪ್ರಿಲ್ 24ರಂದು ಹುಟ್ಟಿದ್ದು ಗಾಜನೂರಿನಲ್ಲಿ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದೂ ಇದೇ ಊರಿನಿಂದ. 108 ದಿನಗಳ ನಂತರ ನವೆಂಬರ್ 15ರಂದು ಅವರ ಬಿಡುಗಡೆಯಾಯಿತು. ಅದರೊಂದಿಗೆ ಪತ್ರಿಕೆಯವರೂ ಟಿ.ವಿ.ಯವರೂ ಹೊರಟುಹೋದರು. ಊರಿನವರ ಮುಂದೆ ಉಳಿದಿದ್ದು ಹಳೆಯ ಪ್ರಶ್ನೆಗಳೇ. ನಮ್ಮ ನೆಲ ಯಾವ ಕಡೆಗೆ ಸೇರಿದ್ದು? ನಾವು ಎಷ್ಟು ಜನ? ಆ ಲೆಕ್ಕದಿಂದ ನಮಗೇನು ಪ್ರಯೋಜನ?

ನೆಲ ಬಾಗಿರುವುದು ಉತ್ತರಕ್ಕೆ

ತಾಳವಾಡಿ ಸೀಮೆ ಬೆಟ್ಟದ ಮೇಲಿನ ಬಯಲು. ದಕ್ಷಿಣಕ್ಕೆ ದಿಂಬಂ ಘಾಟಿ. ಅಲ್ಲಿ 27 ತಿರುವುಗಳನ್ನು ಇಳಿದರೆ ಬಣ್ಣಾರಿ, ಮುಂದೆ ಸತ್ಯಮಂಗಲ. ಉತ್ತರಕ್ಕೆ ಅಂಥ ಇಳುಕಲು ಇಲ್ಲ. ಹೊಲದ ಪಕ್ಕದ ಹೊಲದಂತೆ ಕರ್ನಾಟಕ ಶುರುವಾಗುತ್ತದೆ. ತಾಳವಾಡಿಯಿಂದ ಚಾಮರಾಜನಗರಕ್ಕೆ ಸುಮಾರು 25 ಕಿ.ಮೀ. ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ನೂರು ಕಿ.ಮೀ.ಗೂ ಹೆಚ್ಚು ದೂರ, ಅದೂ ಘಾಟಿ ಇಳಿದು. ಆ ಘಾಟಿಯಲ್ಲಿ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಸಂತೆ, ಆಸ್ಪತ್ರೆ, ನೆಂಟಸ್ತನ ಎಲ್ಲಕ್ಕೂ ಜನ ಉತ್ತರದ ಕಡೆ ಮುಖ ಮಾಡುವುದರಲ್ಲಿ ಆಶ್ಚರ್ಯವಿಲ್ಲ.

ನೀರೂ ಹಾಗೆಯೇ. ಈ ಬಯಲಿನ ಮಳೆನೀರಿನ ದೊಡ್ಡ ಪಾಲು ಚಿಕ್ಕಹೊಳೆಯಾಗಿ ಉತ್ತರಕ್ಕೆ ಹರಿದು ಚಾಮರಾಜನಗರದ ಬಳಿಯ ಜಲಾಶಯ ಸೇರುತ್ತದೆ. ಅಲ್ಲಿಂದ ಸುವರ್ಣಾವತಿಗೆ, ಕೊಳ್ಳೇಗಾಲದ ಕಡೆ ಕಾವೇರಿಗೆ. ಬೆಟ್ಟದ ದಕ್ಷಿಣದ ನೀರು ಮೋಯಾರ್ ಕಣಿವೆಗೆ ಇಳಿದು ಭವಾನಿಸಾಗರ ಸೇರುತ್ತದೆ. ಗಮನಿಸಬೇಕಾದ ಸಂಗತಿ ಎಂದರೆ, ಈ ಎರಡೂ ನೀರು ಕೊನೆಗೆ ಒಂದೇ ಕಡೆ ಕೂಡುತ್ತವೆ. ಉತ್ತರಕ್ಕೆ ಹೋದ ನೀರು ಶಿವನಸಮುದ್ರ, ಹೊಗೇನಕಲ್, ಮೆಟ್ಟೂರು ಸುತ್ತಿಕೊಂಡು ಈರೋಡ್ ಜಿಲ್ಲೆಯ ಭವಾನಿ ಪಟ್ಟಣದಲ್ಲಿ ದಕ್ಷಿಣದ ನೀರನ್ನು ಸೇರುತ್ತದೆ.

ಮಳೆಯಾಶ್ರಿತ ಹೊಲದಲ್ಲಿ ರಾಗಿ, ಜೋಳ, ಹುರುಳಿ, ಅವರೆ. ಬೋರ್‌ವೆಲ್ ಇದ್ದವರಿಗೆ ಬಾಳೆ, ಅರಿಶಿನ, ಎಲೆಕೋಸು, ಆಲೂಗಡ್ಡೆ. ಸುತ್ತಲ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಬೆಳೆ ಕೈಗೆ ಬರುವ ಹೊತ್ತಿಗೆ ಆನೆ ಕಾಯುವುದು ಇಲ್ಲಿ ಬೇಸಾಯದ ಒಂದು ಭಾಗವೇ ಆಗಿದೆ.

ಗಡಿ ಬಿದ್ದದ್ದು ಹೇಗೆ?

ಮೊದಲು ಕೊಳ್ಳೇಗಾಲವೂ ತಾಳವಾಡಿಯೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಹೋಯಿತು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. ಆಮೇಲೂ ಬಹುಕಾಲ ಇದು ಸತ್ಯಮಂಗಲ ತಾಲ್ಲೂಕಿನ ಭಾಗವಾಗಿತ್ತು. 2016ರಲ್ಲಿ ತಾಳವಾಡಿಯೇ ಒಂದು ತಾಲ್ಲೂಕಾಯಿತು. ಒಂದು ತಹಸೀಲ್ದಾರ್ ಕಚೇರಿ ಹತ್ತಿರ ಬಂತು ಎಂದಷ್ಟೇ ನಾವು ಇದನ್ನು ತಿಳಿದಿದ್ದೇವೆ. ಆದರೆ ಜನಸಂಖ್ಯೆಯ ಲೆಕ್ಕದಲ್ಲಿ ಇದರ ಪರಿಣಾಮ ಇನ್ನೂ ದೊಡ್ಡದು.

ಲೆಕ್ಕ ಆಗುವ ಬಗೆ

ಜನಗಣತಿಯಲ್ಲಿ 'ಗ್ರಾಮ' ಎಂದರೆ ಕಂದಾಯ ಗ್ರಾಮ. ನಾವು ಬಾಯಲ್ಲಿ ಹೇಳುವ ಊರು, ಕೇರಿ, ದೊಡ್ಡಿ, ಹಾಡಿ ಎಲ್ಲವೂ ಒಂದಲ್ಲ ಒಂದು ಕಂದಾಯ ಗ್ರಾಮದ ಅಂಕಿಯೊಳಗೆ ಸೇರಿಹೋಗುತ್ತವೆ. ಪಂಚಾಯಿತಿಯ ಗಡಿಗೂ ಕಂದಾಯ ಗ್ರಾಮದ ಗಡಿಗೂ ವ್ಯತ್ಯಾಸ ಇರಬಹುದು. ನಮ್ಮ ಊರಿನ ಜನಸಂಖ್ಯೆ ಎಂದು ಯಾರಾದರೂ ಅಂಕಿ ಹೇಳಿದಾಗ, ಅದು ಯಾವುದರ ಅಂಕಿ ಎಂದು ಮೊದಲು ಕೇಳಬೇಕು.

ಯಾರು ಲೆಕ್ಕಕ್ಕೆ ಬರುತ್ತಾರೆ ಎಂಬುದಕ್ಕೂ ನಿಯಮ ಇದೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಲ್ಲಿ ಇಲ್ಲದವರು ಊರಿನ ಲೆಕ್ಕಕ್ಕೆ ಸೇರಲಿಲ್ಲ. ಕೂಲಿಗೋ ಕಾರ್ಖಾನೆ ಕೆಲಸಕ್ಕೋ ಹೊರಗೆ ಹೋದವರು, ಹಾಸ್ಟೆಲಿನಲ್ಲಿ ಓದುವ ಮಕ್ಕಳು ಆಯಾ ಜಾಗದಲ್ಲೇ ಲೆಕ್ಕವಾಗುತ್ತಾರೆ. ಸಣ್ಣ ಹಳ್ಳಿಯಲ್ಲಿ ಹತ್ತು ಮನೆಗೆ ಬೀಗ ಬಿದ್ದಿದ್ದರೂ ಅಂಕಿಯಲ್ಲಿ ಅದು ಎದ್ದು ಕಾಣುತ್ತದೆ.

ಮಾತೃಭಾಷೆಯ ಕಾಲಂ

ಜನಗಣತಿಯಲ್ಲಿ ಮಾತೃಭಾಷೆ ಯಾವುದು, ಬೇರೆ ಯಾವ ಎರಡು ಭಾಷೆ ಬರುತ್ತದೆ ಎಂದು ಕೇಳುತ್ತಾ ಬಂದಿದ್ದಾರೆ. ಈ ಉತ್ತರಕ್ಕೆ ಬೆಲೆ ಇದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಮಾಡಬೇಕು ಎನ್ನುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಒಪ್ಪಂದ 1949ರಷ್ಟು ಹಳೆಯದು. ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ಒಂದು ಭಾಷೆಯವರು ಶೇ. 15ರಷ್ಟಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಕೊಡಬೇಕು ಎಂಬುದು ಒಪ್ಪಿತವಾದ ಇನ್ನೊಂದು ರಕ್ಷಣೆ.

ಶಾಲೆಯ ವಿಷಯಕ್ಕೆ ಹಾಜರಿ ಪುಸ್ತಕ ಸಾಕು. ಶೇ. 15ಕ್ಕೆ ಜನಗಣತಿಯೇ ಆಧಾರ. ಭಾಷೆಯ ಅಂಕಿಗಳು ತಾಲ್ಲೂಕುವಾರು ಪ್ರಕಟವಾಗುತ್ತವೆ. 2011ರಲ್ಲಿ ತಾಳವಾಡಿ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಆದ್ದರಿಂದ ಬೆಟ್ಟದ ಮೇಲಿನ ಕನ್ನಡಿಗರನ್ನು ಘಾಟಿಯ ಕೆಳಗಿನ ಸತ್ಯಮಂಗಲದ ಜನರೊಂದಿಗೆ ಸೇರಿಸಿ ಶೇಕಡಾವಾರು ತೆಗೆಯಲಾಯಿತು. ತಾಲ್ಲೂಕು ಆದ ಮೇಲೆ ಬರುತ್ತಿರುವ ಮೊದಲ ಗಣತಿಯ ಎಣಿಕೆಯ ದಿನ 2027ರ ಮಾರ್ಚ್ 1 ಎಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ತಾಳವಾಡಿಗೆ ತನ್ನದೇ ಒಂದು ಸಾಲು ಸಿಗಬೇಕಾದದ್ದು ಈ ಗಣತಿಯಲ್ಲಿ.

ನಾವು ಮಾಡಬೇಕಾದದ್ದು

ಗಾಜನೂರಿನಂಥ ಊರಿನಲ್ಲಿ ಎಲ್ಲರಿಗೂ ಎರಡು ಭಾಷೆ ಬರುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಗಣತಿಯವರು ತಮಿಳಿನಲ್ಲಿ ಕೇಳಿದಾಗ ನಾವೂ ತಮಿಳಿನಲ್ಲೇ ಉತ್ತರ ಕೊಡುತ್ತೇವೆ. ಅದು ಮರ್ಯಾದೆ. ಆದರೆ ಮಾತಾಡಿದ ಭಾಷೆಯೇ ಮಾತೃಭಾಷೆಯ ಕಾಲಂಗೆ ಹೋಗಬಾರದು. ಮನೆಯಲ್ಲಿ ತಾಯಿ ಆಡುವ ಮಾತು ಕನ್ನಡವಾದರೆ ಕನ್ನಡ, ತಮಿಳಾದರೆ ತಮಿಳು ಎಂದೇ ಬರೆಸಬೇಕು. ಸೋಲಿಗರು, ಊರಾಳಿಗಳು ತಮ್ಮ ಮಾತನ್ನು ಅದರ ಹೆಸರಿನಿಂದಲೇ ಹೇಳಬಹುದು. ಬರುವ ಇನ್ನೊಂದು ಭಾಷೆಯನ್ನು ಮುಂದಿನ ಕಾಲಂನಲ್ಲಿ ಹೇಳಿದರಾಯಿತು.

ಇದು ತಮಿಳಿನ ವಿರುದ್ಧದ ಮಾತಲ್ಲ. ಗಡಿ ಬದಲಾಯಿಸುವ ಮಾತೂ ಅಲ್ಲ. ರೇಷನ್ ಅಂಗಡಿಯ ಮುಂದೆ ಅಂಟಿಸಿದ ಸೂಚನೆಯನ್ನು ನಮ್ಮ ಅಜ್ಜಿಯೂ ಓದಿಸಿಕೊಳ್ಳದೆ ತಿಳಿಯುವಂತಾಗಬೇಕು, ಅಷ್ಟೇ. ಗಣತಿಯವರು ಬಂದ ದಿನ ಕೆಲಸವೆಂದು ಮಕ್ಕಳ ಮೇಲೆ ಬಿಡದೆ, ಮನೆಯ ಹಿರಿಯರೊಬ್ಬರು ಎದುರಿಗೆ ಕುಳಿತು ಬರೆದುಕೊಂಡಿದ್ದನ್ನು ಓದಿ ಹೇಳಿ ಎಂದು ಕೇಳಿದರೆ ಸಾಕು. ಅದಕ್ಕೆ ಹಿಡಿಯುವುದು ಐದು ನಿಮಿಷ. ಆದರೆ ಬರೆದದ್ದು ಮುಂದಿನ ಗಣತಿಯವರೆಗೂ ಹಾಗೇ ಉಳಿಯುತ್ತದೆ.